ಪದ ಪರಿಚಯ: ರೇಡಿಯೇಟರ್ ಬ್ಲೀಡಿಂಗ್

ಡೀಸೆಲ್ ಪಂಪ್‌ಸೆಟ್ ಇದ್ದ ಮನೆಯವರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ. ಡೀಸೆಲ್ ಪೂರ್ತಿ ಖಾಲಿಯಾದರೆ, ಮತ್ತೆ ತುಂಬಿದರೂ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ‘ಏರ್ ಹಿಡಿದಿದೆ’ ಎನ್ನುತ್ತಾ ಮೆಕ್ಯಾನಿಕ್ ಒಂದು ಸ್ಕ್ರೂ ಸಡಿಲಿಸಿ, ಗುಳ್ಳೆ ಹೋಗಿ ಬರೀ ಡೀಸೆಲ್ ಬರುವತನಕ ಕೈಯಲ್ಲೇ ಪಂಪ್ ಹೊಡೆಯುತ್ತಾನೆ. ಇಂಗ್ಲೆಂಡಿನ ಮನೆಗಳಲ್ಲಿ ಚಳಿಗಾಲ ಶುರುವಾದಾಗ ಕಿವಿಗೆ ಬೀಳುವ ‘ಬ್ಲೀಡಿಂಗ್’ ಅದೇ ಕೆಲಸ. ಹೆಸರು ಕೇಳಿದರೆ ರಕ್ತ ನೆನಪಾಗುತ್ತದೆ, ಆದರೆ ಇಲ್ಲಿ ಹೊರಗೆ ಹೋಗಬೇಕಾದದ್ದು ಗಾಳಿ.

ಅಲ್ಲಿನ ಮನೆ ಬೆಚ್ಚಗಿರುವುದು ನೀರಿನಿಂದ. ಗ್ಯಾಸ್ ಬಾಯ್ಲರ್ ಕಾಯಿಸಿದ ನೀರನ್ನು ಪಂಪ್ ಒಂದೊಂದು ಕೋಣೆಯ ಗೋಡೆಗೆ ಕೂರಿಸಿದ ‘ರೇಡಿಯೇಟರ್’ ಎಂಬ ಪೊಳ್ಳು ಉಕ್ಕಿನ ಹಲಗೆಗೂ ತಳ್ಳುತ್ತದೆ. ತಣಿದು ಬಂದ ಅದೇ ನೀರು ಮತ್ತೆ ಕಾದು ಹೊರಡುತ್ತದೆ. ಈ ಸುತ್ತಿನಲ್ಲಿ ಎಲ್ಲಾದರೂ ಗಾಳಿ ಸೇರಿದರೆ ಅದು ರೇಡಿಯೇಟರಿನ ನೆತ್ತಿಗೆ ಹೋಗಿ ಕೂರುತ್ತದೆ, ಅಷ್ಟು ಜಾಗಕ್ಕೆ ನೀರು ಏರುವುದಿಲ್ಲ. ಲೀಡ್ಸ್‌ನ ಬಾಡಿಗೆ ಮನೆಯಲ್ಲಿ ನಮ್ಮ ಮೊದಲ ಚಳಿಗಾಲದಲ್ಲಿ ಅಂಗೈ ಇಟ್ಟು ನೋಡಿದ್ದು ಇನ್ನೂ ನೆನಪಿದೆ: ಕೆಳಗೆ ಸುಡುಸುಡು, ಮೇಲೆ ತಣ್ಣಗೆ.

ಮೊದಲು ಹೀಟಿಂಗ್ ಆಫ್ ಮಾಡಿ ನೀರು ಆರಲು ಬಿಡಬೇಕು. ರೇಡಿಯೇಟರಿನ ಮೇಲ್ತುದಿಯಲ್ಲಿ ಚೌಕ ಮೊಳೆಯಂಥ ಪುಟ್ಟ ವಾಲ್ವ್ ಇರುತ್ತದೆ. ಕೆಳಗೆ ಹಳೇ ಬಟ್ಟೆ ಹಿಡಿದು, ಕೀಲಿಯಿಂದ ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ‘ಸ್ಸ್’ ಎಂದು ಗಾಳಿ ಹೊರಡುತ್ತದೆ. ಸದ್ದು ತೊದಲಿ, ಎರಡು ಹನಿ ಉಗುಳಿ, ನೀರು ಎಳೆಯಾಗಿ ಬಂದ ಕೂಡಲೇ ಮುಚ್ಚಬೇಕು. ವಾಲ್ವನ್ನು ಪೂರ್ತಿ ಬಿಚ್ಚಲೇಬಾರದು.

ಅನೇಕರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದ್ದೆ. ಮರುದಿನ ಬೆಳಿಗ್ಗೆ ಬಾಯ್ಲರೇ ನಿಂತಿತ್ತು. ಗಾಳಿ ಹೋದರೆ ಒಳಗಿನ ಒತ್ತಡವೂ ಇಳಿಯುತ್ತದೆ, ಒತ್ತಡ ತೀರ ಕಡಿಮೆಯಾದರೆ ಬಾಯ್ಲರ್ ಉರಿಯಲು ಒಪ್ಪುವುದಿಲ್ಲ. ಗೇಜಿನಲ್ಲಿರುವ ‘ಬಾರ್’ ಈ ಒತ್ತಡದ ಅಳತೆ: 1 ಬಾರ್ ಎಂದರೆ ಹತ್ತಿರ ಹತ್ತಿರ 10 ಮೀಟರ್ ಎತ್ತರದ ನೀರಿನ ಭಾರ. ನೀರು ತಣ್ಣಗಿರುವಾಗ ಮುಳ್ಳು ಸಾಮಾನ್ಯವಾಗಿ 1ರಿಂದ 1.5ರ ನಡುವೆ ಇರಬೇಕು, ಕಾದಾಗ 2ರ ಹತ್ತಿರ ಏರಿದರೆ ಗಾಬರಿಯಿಲ್ಲ. ಕಡಿಮೆಯಿದ್ದರೆ ಬಾಯ್ಲರಿನ ಅಡಿಯ ‘ಫಿಲ್ಲಿಂಗ್ ಲೂಪ್’ ಎಂಬ ಹೆಣೆದ ಕೊಳವೆಯ ವಾಲ್ವ್‌ಗಳನ್ನು ನಿಧಾನವಾಗಿ ತೆರೆದು ನಲ್ಲಿ ನೀರು ಸೇರಿಸಬೇಕು, ಮುಳ್ಳು ಮೇಲೆ ಬಂದೊಡನೆ ಎರಡನ್ನೂ ಬಿಗಿಯಾಗಿ ಮುಚ್ಚಬೇಕು. ಅಟ್ಟದಲ್ಲಿ ಪುಟ್ಟ ತೊಟ್ಟಿಯಿರುವ ಹಳೆಯ ವ್ಯವಸ್ಥೆಗಳಿಗೆ ಈ ಗೇಜಿನ ಗೊಡವೆಯಿಲ್ಲ.

ವರ್ಷಕ್ಕೊಮ್ಮೆ ಗಾಳಿ ತೆಗೆಯುವುದು ಸಹಜ. ಪ್ರತಿ ವಾರ ತೆಗೆಯಬೇಕಾಗಿ ಬಂದರೆ ಅದನ್ನು ರೂಢಿ ಮಾಡಿಕೊಳ್ಳಬೇಡಿ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಒಳಗೆ ಹೋಗುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಬಟ್ಟೆಯ ಮೇಲೆ ಬೀಳುವ ಮಸಿಯಂಥ ಕಪ್ಪು ನೀರು ಆ ತುಕ್ಕೇ, ಅದರ ಹೆಸರು ಮ್ಯಾಗ್ನಟೈಟ್. ತುಕ್ಕು ಹಿಡಿಯುವಾಗ ಹೈಡ್ರೋಜನ್ ಕೂಡ ಹುಟ್ಟಬಹುದಾದ್ದರಿಂದ ‘ಸ್ಸ್’ ಎನ್ನುವ ವಾಲ್ವಿನ ಹತ್ತಿರ ಬೆಂಕಿ ತರಬಾರದು. ರೇಡಿಯೇಟರ್ ಮೇಲೆ ಬಿಸಿಯಾಗಿದ್ದು ಕೆಳಗೆ ತಣ್ಣಗಿದ್ದರೆ ಗಾಳಿ ತೆಗೆದು ಫಲವಿಲ್ಲ, ತಳದಲ್ಲಿ ಈ ಕೆಸರು ಕೂತಿರುತ್ತದೆ. ಕಾದಾಗ ಮುಳ್ಳು 3ಕ್ಕೆ ಹಾರಿ, ಹೊರಗೋಡೆಯ ತಾಮ್ರದ ಕೊಳವೆಯಿಂದ ನೀರು ಸುರಿದು, ತಣಿದಾಗ ಸೊನ್ನೆಗೆ ಬೀಳುತ್ತಿದ್ದರೆ, ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ವೆಸೆಲ್ ಕೆಟ್ಟಿರುವ ಸಂಭವ ಹೆಚ್ಚು.

ಆಗ ಬಾಯ್ಲರಿನ ಮುಚ್ಚಳಕ್ಕೆ ನೀವು ಕೈ ಹಾಕಬೇಡಿ, ಅಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಾದ ‘ಗ್ಯಾಸ್ ಸೇಫ್’ನಲ್ಲಿ ನೋಂದಣಿಯಿರುವವರನ್ನೇ ಕರೆಸಿ. ಬಾಡಿಗೆ ಮನೆಯಾದರೆ ಗೇಜಿನ ಫೋಟೋ ತೆಗೆದು ಮಾಲೀಕರಿಗೆ ಬರೆದು ಕಳಿಸಿ. ಇಂಗ್ಲೆಂಡಿನಲ್ಲಿ 1985ರ ಬಾಡಿಗೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಹೀಟಿಂಗ್ ರಿಪೇರಿ ಮಾಲೀಕರ ಹೊಣೆ.