ಹದಿನೈದು ಗಂಟೆಯ ಲೆಕ್ಕ: ಕೊಡಗಿನ ಕಾಲೇಜುಗಳಲ್ಲಿ ‘ಅತಿಥಿ’ಗಳಾದವರು

ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಎರಡು ಹಾಜರಿ ಪುಸ್ತಕ ಇದ್ದವು. ಕಾಯಂನವರದ್ದು ಪ್ರಿನ್ಸಿಪಾಲರ ಮೇಜಿನ ಮೇಲೆ. ನಮ್ಮದು ಆಫೀಸಿನ ಕಿಟಕಿ ಪಕ್ಕ, ಮಳೆಗಾಲದ ತೇವಕ್ಕೆ ಹಾಳೆ ಉಬ್ಬಿದ ಒಂದು ಉದ್ದ ನೋಟ್‌ಬುಕ್. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅತಿಥಿ’ ಅಂತಷ್ಟೇ ಬರೆದಿತ್ತು. ಅತಿಥಿ ಉಪನ್ಯಾಸಕರು, ಅಂದರೆ ಕಾಯಂ ಹುದ್ದೆ ಇಲ್ಲದೆ ತಾತ್ಕಾಲಿಕವಾಗಿ ಪಾಠ ಮಾಡುವವರು. ಅದರಲ್ಲಿ ನನ್ನ ಮೇಲಿನ ಸಾಲಿನವರು ಆಗಲೇ ಹನ್ನೆರಡು ವರ್ಷದಿಂದ ಸಹಿ ಹಾಕುತ್ತಿದ್ದರು. ಮನೆಗೆ ಬಂದವರು ಹನ್ನೆರಡು ವರ್ಷ ಉಳಿದರೆ ಅವರನ್ನು ಯಾರಾದರೂ ನೆಂಟರು ಅಂತಾರಾ?

ಮೊದಲಿಂದಲೂ ಹೀಗೇನಿರಲಿಲ್ಲ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾಗಿದ್ದು 1949ರಲ್ಲಿ. ಈಗ ಅದು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು. ಆಗ ಕೊಡಗು ಬೇರೆಯೇ ಪ್ರಾಂತ್ಯ, ಆಮೇಲೆ ಬೇರೆಯೇ ರಾಜ್ಯ. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಬಂದ ಮೇಲೆ ಇಲ್ಲಿನ ಕಾಲೇಜುಗಳು ಅದರ ಕೆಳಗೆ ಹೋದವು. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದರೂ ಸಂಪಾಜೆ ಘಾಟಿ ಇಳಿದು ಆ ವಿವಿ ಇರುವ ಕೊಣಾಜೆಗೆ ಹೋಗಬೇಕಿತ್ತು. ಆದರೆ ಹಳಬರು ಹೇಳುವ ಪ್ರಕಾರ ಎಂ.ಎ. ಒಳ್ಳೆ ಕ್ಲಾಸಿನಲ್ಲಿ ಮುಗಿಸಿದವನಿಗೆ ಕೆಲಸ ಒಂದಲ್ಲ ಒಂದು ಕಡೆ ಆಗುತ್ತಿತ್ತು. ಕಾಲೇಜೂ ಕಮ್ಮಿ, ಎಂ.ಎ. ಮಾಡಿದವರೂ ಕಮ್ಮಿ.

ಆಮೇಲೆ ಕಾಲೇಜು ಜಾಸ್ತಿ ಆದವು. 2007ರ ಸುಮಾರಿಗಂತೂ ರಾಜ್ಯದ ತಾಲೂಕು, ಹೋಬಳಿಗಳಲ್ಲಿ ಸಾಲುಸಾಲಾಗಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತೆರೆದವು. ತೋಟದ ಲೈನ್‌ಮನೆಯಿಂದ ಬರುವ ಹುಡುಗಿಯರಿಗೆ ಡಿಗ್ರಿ ಓದುವ ದಾರಿ ಆಯಿತು, ಅದು ಸಣ್ಣ ಮಾತಲ್ಲ. ಆದರೆ ಬೋರ್ಡು ಬಂದಷ್ಟು ಬೇಗ ಹುದ್ದೆ ಬರಲಿಲ್ಲ. ಕಟ್ಟಡ ಒಂದು ಸಲದ ಖರ್ಚು, ಕಾಯಂ ಲೆಕ್ಚರರ್ ಮೂವತ್ತು ವರ್ಷದ ಖರ್ಚು ಅಲ್ವಾ. ಹುದ್ದೆ ತುಂಬುವ ತನಕ ನಾಲ್ಕು ದಿನ ಪಾಠ ನಡೆಯಲಿ ಅಂತ ಅತಿಥಿಗಳನ್ನು ಕರೆದರು. ಆ ನಾಲ್ಕು ದಿನ ಮುಗಿಯಲೇ ಇಲ್ಲ.

ಇಷ್ಟು ವರ್ಷ ದುಡಿದವರನ್ನು ಕಾಯಂ ಮಾಡಿದರೆ ಮುಗೀತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಡ್ಡ ಇರುವುದು 2006ರ ಏಪ್ರಿಲ್ 10ರ ಸುಪ್ರೀಂ ಕೋರ್ಟ್ ತೀರ್ಪು. ‘ಉಮಾದೇವಿ ಕೇಸ್’ ಅಂದರೆ ಸಾಕು, ಯಾವ ಸ್ಟಾಫ್ ರೂಮಿನಲ್ಲೂ ಗೊತ್ತಾಗುತ್ತದೆ. ಕೇಸು ಕರ್ನಾಟಕದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. ಸರಿಯಾದ ನೇಮಕಾತಿ ಪ್ರಕ್ರಿಯೆ ಇಲ್ಲದೆ ಒಳಗೆ ಬಂದವರು ಎಷ್ಟೇ ವರ್ಷ ಕೆಲಸ ಮಾಡಿದ್ದರೂ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವ ಹಾಗಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಹಿಂಬಾಗಿಲು ಮುಚ್ಚಬೇಕಿತ್ತು, ಒಪ್ಪುತ್ತೇನೆ. ಆದರೆ ಮುಂಬಾಗಿಲು ತೆಗೆಯುವುದೇ ಅಪರೂಪ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಕರೆದರು, 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು, ಭೂಗೋಳದ ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆಯಾಯಿತು. ಇಡೀ ರಾಜ್ಯಕ್ಕೆ 1,242. ಅತಿಥಿಗಳೇ ಹತ್ತು ಸಾವಿರಕ್ಕೂ ಮೇಲಿದ್ದರು.

ಸಂಬಳದ ಕಥೆ ಇನ್ನೂ ವಿಚಿತ್ರ. 2022ರ ಜನವರಿ ತನಕ ತಿಂಗಳಿಗೆ 11 ರಿಂದ 13 ಸಾವಿರ. ಅದಕ್ಕೆ ಗೌರವಧನ ಅಂತ ಹೆಸರು. ತೋಟದಲ್ಲಿ ಲೆಕ್ಕ ಬರೆಯುವ ರೈಟರಿಗೆ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು, ಜೊತೆಗೆ ಕ್ವಾರ್ಟರ್ಸ್. ದೊಡ್ಡ ಮುಷ್ಕರದ ಮೇಲೆ ಸರ್ಕಾರ ಅದನ್ನು 26 ರಿಂದ 32 ಸಾವಿರದವರೆಗೆ ಏರಿಸಿತು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದ ಅರ್ಹತೆ ಮತ್ತು ಐದು ವರ್ಷದ ಅನುಭವ ಎರಡೂ ಇದ್ದರೆ 32. ಹಾಗೆ ಏರಿಸಿದರೂ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ಗೊತ್ತುಮಾಡಿದ ಆರಂಭದ ಮೂಲ ವೇತನ 57,700. ಇರಲಿ, ನಮ್ಮ ಸ್ಟಾಫ್ ರೂಮಿನಲ್ಲಿ ಅವತ್ತು ಲಡ್ಡು ಹಂಚಿದರು.

ಲಡ್ಡು ತಿಂದ ಮೇಲೆ ಆದೇಶದ ಉಳಿದ ಭಾಗ ಓದಿದೆವು. ಮೊದಲು ವಾರಕ್ಕೆ 8–10 ಗಂಟೆ ಪಾಠ ಇದ್ದರೆ ಸಾಕಿತ್ತು, ಇನ್ನು 15 ಬೇಕು ಅಂತಿತ್ತು. ಅಂದರೆ ಇಬ್ಬರು ಮಾಡುತ್ತಿದ್ದ ಪಾಠ ಹೆಚ್ಚುಕಮ್ಮಿ ಒಬ್ಬರಿಗೆ. ಬೆಂಗಳೂರಿನಲ್ಲಿ ಒಂದೊಂದು ವಿಷಯಕ್ಕೆ ನಾಲ್ಕೈದು ಸೆಕ್ಷನ್ ಇರುತ್ತದೆ, ಗಂಟೆಗಳು ಹೇಗೋ ಕೂಡುತ್ತವೆ. ಕೊಡಗಿನಲ್ಲಿ ಹಾಗಲ್ಲ. ಇಡೀ ಜಿಲ್ಲೆಯ ಜನಸಂಖ್ಯೆಯೇ 2011ರ ಜನಗಣತಿಯಲ್ಲಿ ಐದೂವರೆ ಲಕ್ಷ. ಒಂದು ಐಚ್ಛಿಕ ವಿಷಯಕ್ಕೆ ಹದಿನಾಲ್ಕು ಮಕ್ಕಳು ಸೇರಿದರೆ ಅದೇ ದೊಡ್ಡದು. ನನ್ನ ವಿಷಯಕ್ಕೆ ನಮ್ಮಲ್ಲಿ ಇದ್ದದ್ದು ಒಂಬತ್ತು ಗಂಟೆ. ಉಳಿದ ಆರು ಗಂಟೆಗೆ ಇನ್ನೊಂದು ಕಾಲೇಜು ಹುಡುಕಬೇಕಾಯಿತು. ಮಡಿಕೇರಿಯಿಂದ ಮೂರ್ನಾಡು ಮೇಲೆ ವಿರಾಜಪೇಟೆಗೆ ಸುಮಾರು ಮೂವತ್ತು ಕಿಲೋಮೀಟರ್. ಜುಲೈನಲ್ಲಿ ಆ ರಸ್ತೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಮರ ಬಿದ್ದು ಬಸ್ ನಿಂತ ದಿನ ಆ ಗಂಟೆಯೂ ಹೋಯಿತು.

2023ರ ಕೊನೆಗೆ ಮತ್ತೆ ಮುಷ್ಕರ, ಹೊಸ ವರ್ಷಕ್ಕೆ ತುಮಕೂರಿನಿಂದ ಪಾದಯಾತ್ರೆ. ಗೌರವಧನ ಇನ್ನೊಂದಿಷ್ಟು ಏರಿತು. ಕಾಯಂ ಮಾತ್ರ ಇಲ್ಲ.

ಓದಿಕೊಂಡವರಿಗೆ ಇನ್ನೊಂದು ತಲೆನೋವು ಅರ್ಹತೆ. ಎಂ.ಎ.ನಲ್ಲಿ ಸಾಮಾನ್ಯವಾಗಿ ಶೇ 55 ಇದ್ದು, ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ಪಾಸಾಗಿರಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು 2021ರಿಂದ ಪಿಎಚ್.ಡಿ. ಕಡ್ಡಾಯ ಎಂದು 2018ರಲ್ಲಿ ಯುಜಿಸಿ ಹೇಳಿತು. ಜನ ಸಾಲ ಮಾಡಿ ಪಿಎಚ್.ಡಿ.ಗೆ ಸೇರಿಕೊಂಡರು. ಆಮೇಲೆ ಗಡುವು 2023ಕ್ಕೆ ಹೋಯಿತು. 2023 ಬಂದಾಗ, ಬೇಡ, ನೆಟ್-ಸೆಟ್ ಸಾಕು ಅಂದರು.

ಅದೇ ವರ್ಷ ಕೊಡಗಿಗೆ ಸ್ವಂತ ವಿಶ್ವವಿದ್ಯಾಲಯ ಬಂತು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿವಿಯ ಜ್ಞಾನಕಾವೇರಿ ಸ್ನಾತಕೋತ್ತರ ಕೇಂದ್ರ ಇತ್ತಲ್ಲ, ಅದೇ ಕೊಡಗು ವಿಶ್ವವಿದ್ಯಾಲಯ ಆಯಿತು. ಇನ್ನು ಇಲ್ಲೇ ಕೆಲಸ ಹುಟ್ಟುತ್ತದೆ ಎಂದು ನಾವು ಸುಮ್ನೆ ಆಸೆಪಟ್ಟೆವು. ಎರಡು ವರ್ಷ ಆಗುವುದರೊಳಗೆ, 2025ರ ಫೆಬ್ರುವರಿಯಲ್ಲಿ, ಹಣವಿಲ್ಲದ ಒಂಬತ್ತು ವಿವಿಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಪಟ್ಟಿಯಲ್ಲಿ ಕೊಡಗೂ ಇತ್ತು.

ನಾನು ಪಾಠ ಬಿಟ್ಟಿದ್ದೇನೆ. ನನ್ನ ಮೇಲಿನ ಸಾಲಿನಲ್ಲಿ ಸಹಿ ಹಾಕುತ್ತಿದ್ದವರು ಬಿಟ್ಟಿಲ್ಲ. ಕಳೆದ ಸಲ ಅತಿಥಿಗಳ ಆಯ್ಕೆಯ ಕೌನ್ಸೆಲಿಂಗ್ ಪಟ್ಟಿ ಬಂದ ದಿನ ಫೋನ್ ಮಾಡಿದ್ದರು. ಅವರದ್ದೇ ಹಳೇ ವಿದ್ಯಾರ್ಥಿನಿ ಕೆ-ಸೆಟ್ ಪಾಸಾಗಿ ಪಟ್ಟಿಯಲ್ಲಿ ಅವರಿಗಿಂತ ಮೇಲಿದ್ದಳಂತೆ. ಇದ್ದದ್ದು ಒಬ್ಬರಿಗೆ ಆಗುವಷ್ಟೇ ವರ್ಕ್‌ಲೋಡ್. “ಹುಡುಗಿ ಚೆನ್ನಾಗಿ ಓದ್ತಿದ್ಲು, ಅವಳಿಗೇ ಸಿಗ್ಲಿ ಬಿಡಿ” ಅಂದರು. ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೇ ಕೇಳಿಸಿತು. ಆಮೇಲೆ, “ಸುಳ್ಯದ ಕಡೆ ಯಾವುದಾದ್ರೂ ಪ್ರೈವೇಟ್ ಕಾಲೇಜಲ್ಲಿ ಖಾಲಿ ಇದೆಯಾ, ಸ್ವಲ್ಪ ವಿಚಾರಿಸ್ತೀರಾ?” ಅಂತ ಕೇಳಿದರು.