ದೊಡ್ಡವರ ಭಾಷಾ ಕ್ಲಾಸಿಗೆ ಆಟ, ನಾಟಕ ಬಂದದ್ದು ಹೇಗೆ?

ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಲು ಭಾಷೆ ಕಲಿಯುತ್ತಿರುವ ಹಾಸನದ ಹುಡುಗ ಹುಡುಗಿಯರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಫೀಸು ಕಟ್ಟಿದ್ದು ಪಾಠಕ್ಕೆ, ಆಟ ಯಾಕೆ ಆಡಿಸ್ತಾರೆ? ಪರೀಕ್ಷೆ ಹತ್ತಿರ ಬಂತೆಂದು ಆಟ ನಿಲ್ಲಿಸಿ ಬರೀ ಮಾದರಿ ಪ್ರಶ್ನೆಪತ್ರಿಕೆ ಬರೆಸುವ ಕ್ಲಾಸುಗಳೂ ಇವೆ. ಯಾವುದು ಸರಿ?

19ನೇ ಶತಮಾನದಲ್ಲಿ ವ್ಯಾಕರಣ, ಅನುವಾದವೇ ಪಾಠ. 1940ರ ದಶಕದಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗೆ ಬೇರೆ ಭಾಷೆಯ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಸಿ ಕಲಿಸಿತು. ಎದುರಿನವರು ಬೇರೆ ಏನಾದರೂ ಕೇಳಿದರೆ ಬಾಯಿ ಕಟ್ಟುತ್ತಿತ್ತು.

ಇದು ಬದಲಾದದ್ದು 1960, 70ರ ದಶಕಗಳಲ್ಲಿ. ಬಲ್ಗೇರಿಯಾದ ಮನೋವೈದ್ಯ ಗೆಯೋರ್ಗಿ ಲೊಜಾನೋವ್ ದೊಡ್ಡವರ ಕ್ಲಾಸಿನಲ್ಲಿ ಎಲ್ಲರಿಗೂ ಹೊಸ ಹೆಸರು, ಹೊಸ ಕೆಲಸ ಕೊಟ್ಟರು. ತಪ್ಪು ಮಾತಾಡಿದ್ದು ಆ ಪಾತ್ರ, ನಾನಲ್ಲ ಎಂದುಕೊಂಡರೆ ನಾಚಿಕೆ ಕಮ್ಮಿ, ಅಲ್ವಾ? ಬೇಗ ಕಲಿಸುವ ಬಗ್ಗೆ ಅವರು ಹೇಳಿಕೊಂಡದ್ದೆಲ್ಲ ನಿಜವಾಗಲಿಲ್ಲ, ಆದರೆ ಈ ಉಪಾಯ ಉಳಿಯಿತು. 1972ರಲ್ಲಿ ಅಮೆರಿಕದ ಭಾಷಾತಜ್ಞ ಡೆಲ್ ಹೈಮ್ಸ್, ವ್ಯಾಕರಣ ಗೊತ್ತಿದ್ದರೆ ಸಾಲದು, ಯಾರ ಜೊತೆ ಯಾವಾಗ ಹೇಗೆ ಮಾತಾಡಬೇಕು ಎಂಬುದೂ ತಿಳಿದಿರಬೇಕು ಎಂದರು. ನಮ್ಮ ಬೆಂಗಳೂರಿನಲ್ಲೇ 1979ರಿಂದ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರು ಶಾಲಾ ಮಕ್ಕಳಿಗೆ ನಕ್ಷೆ, ರೈಲ್ವೆ ವೇಳಾಪಟ್ಟಿ ಕೊಟ್ಟು, ಲೆಕ್ಕ ಹಾಕಿಸುತ್ತಾ ಇಂಗ್ಲಿಷ್ ಕಲಿಸಿದರು.

ಈಗಿನ ಕ್ಲಾಸಿನ ಆಟಗಳಲ್ಲೂ ಇದೇ ಉಪಾಯ: ಇಬ್ಬರ ಕೈಗೂ ಅರ್ಧರ್ಧ ಮಾಹಿತಿ ಕೊಟ್ಟರೆ, ಒಬ್ಬರನ್ನೊಬ್ಬರು ಕೇಳದೆ ಆಟ ಮುಗಿಯುವುದಿಲ್ಲ. ಜರ್ಮನ್ ಭಾಷೆಯ ಪರೀಕ್ಷೆ ನಡೆಸುವ ಗೋಥೆ ಇನ್‌ಸ್ಟಿಟ್ಯೂಟಿನ ಎ1 (ಮೊದಲ ಹಂತದ) ಪರೀಕ್ಷೆಯಲ್ಲೂ ಚೀಟಿ ಎತ್ತಿ, ಅದರಲ್ಲಿರುವ ಪದ ಬಳಸಿ ಜೊತೆಯವರಿಗೆ ಪ್ರಶ್ನೆ ಕೇಳಬೇಕು. ಮೂರನೇ ಹಂತವಾದ ಬಿ1ರಲ್ಲಿ ಇಬ್ಬರು ಮಾತಾಡಿಕೊಂಡು ಏನಾದರೊಂದನ್ನು ಯೋಜಿಸಬೇಕು. ಹೀಗಿರುವಾಗ ಪರೀಕ್ಷೆಯ ಹೆಸರಿನಲ್ಲಿ ಆಟ ನಿಲ್ಲಿಸುವುದು ಯಾವ ಲೆಕ್ಕ?

ದೊಡ್ಡವರಿಗೆ ನಾಟಕ ಒಗ್ಗುವುದಿಲ್ಲ ಎಂಬ ಮಾತು ಹಾಸನದಲ್ಲಿ ನಡೆಯುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪಾರ್ಟು ಕಲಿತು, ಕುರುಕ್ಷೇತ್ರ ನಾಟಕದ ದುರ್ಯೋಧನನಾಗಿ ಕಂದಪದ್ಯ ಹಾಡುವ ರೈತರು ಇಲ್ಲಿ ಊರೂರಲ್ಲಿದ್ದಾರೆ. ದಿನಾ ಆಡದ ಗ್ರಾಂಥಿಕ ಕನ್ನಡ ಅವರ ಬಾಯಲ್ಲಿ ಸಲೀಸು. ಆದರೆ ಭಾಷಾ ಕ್ಲಾಸಿನ ನಾಟಕದಲ್ಲಿ ಬರೆದಿಟ್ಟ ಮಾತು ಇರಬಾರದು. ಒಬ್ಬರು ರೋಗಿ, ಒಬ್ಬರು ನರ್ಸ್. ರೋಗಿಯ ಚೀಟಿಯಲ್ಲಿ ಏನಿದೆಯೋ ನರ್ಸಿಗೆ ಗೊತ್ತಿಲ್ಲ. ಎಲ್ಲಿ ನೋವು, ಯಾವಾಗಿನಿಂದ, ಯಾವ ಮಾತ್ರೆ ತಗೊಂಡಿರಿ ಎಂದು ಕೇಳಿಯೇ ತಿಳಿಯಬೇಕು. ಆಮೇಲೆ ಟೀಚರ್ ತಪ್ಪುಗಳನ್ನು ಬೋರ್ಡಿನಲ್ಲಿ ತಿದ್ದಿ, ಪಾತ್ರ ಅದಲು ಬದಲು ಮಾಡಿ ಇನ್ನೊಮ್ಮೆ ಆಡಿಸಬೇಕು. ಸಿಲಬಸ್ ಮುಗಿಸುವ ಅವಸರದಲ್ಲಿ ಕೈಬಿಡುವುದು ಈ ಎರಡನೇ ಸುತ್ತನ್ನೇ. ಫೀಸು ಕಟ್ಟುವ ಮುಂಚೆ ಬ್ಯಾಚಿನಲ್ಲಿ ಎಷ್ಟು ಜನ, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಮಾತಾಡಲು ಬಿಡ್ತೀರಿ ಅಂತ ಕೇಳಿ ತಿಳಿದುಕೊಳ್ಳಿ.