ಆ ಕಂದು ಚುಕ್ಕೆಗೆ ಔಷಧಿ ಹೊಡೆಯಬೇಡಿ

ನೆರಳಿನ ಜಾಗಕ್ಕೆ ಜರಿಗಿಡ (ಫರ್ನ್) ಹಾಕಿಸಿಕೊಂಡವರಿಂದ ನನಗೆ ತಪ್ಪದೆ ಒಂದು ಫೋಟೊ ಬರುತ್ತದೆ. ಎಲೆಯ ಹಿಂಬದಿ, ಅದರ ತುಂಬ ಕಂದು ಚುಕ್ಕೆ. "ಹುಳ ಬಿದ್ದಿದೆ ಸಾರ್, ಎರಡು ಸಲ ಔಷಧಿ ಹೊಡೆದೆ, ಹೋಗ್ತಿಲ್ಲ."

ಹೋಗುವುದೂ ಇಲ್ಲ. ಅದು ಬೀಜಕಗಳ ಗುಂಪು. ಜರಿಗಿಡ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಈ ಚುಕ್ಕೆಗಳಿಂದ ಉದುರುವ ಪುಡಿಯಿಂದಲೇ ಅದರ ಸಂತಾನ. ಗುರುತು ಸುಲಭ. ಸ್ವೋರ್ಡ್ ಫರ್ನ್‌ನಲ್ಲಿ ಚುಕ್ಕೆಗಳು ಅಂಚಿನ ಹತ್ತಿರ ಸಾಲಾಗಿ, ಪೋಣಿಸಿದ ಹಾಗೆ ಇರುತ್ತವೆ. ಬರ್ಡ್ಸ್ ನೆಸ್ಟ್ ಫರ್ನ್‌ನಲ್ಲಿ ಗೆರೆ ಎಳೆದ ಹಾಗೆ. ನಿಜವಾದ ಹುಳ, ಅಂದರೆ ಶಲ್ಕ ಕೀಟ (ಸ್ಕೇಲ್), ಇಷ್ಟು ಶಿಸ್ತಾಗಿ ಕೂರುವುದಿಲ್ಲ. ದಂಟಿನ ಮೇಲೂ ಇರುತ್ತದೆ, ಎಲೆ ಮುಟ್ಟಿದರೆ ಅಂಟಂಟು.

ಔಷಧಿಗಿಂತ ಜಾಸ್ತಿ ಜರಿಗಿಡ ಸಾಯುವುದು ನೀರಿನಿಂದ. ತೇವ ಬೇಕು ಅಂತ ಯಾರೋ ಹೇಳಿರುತ್ತಾರೆ, ದಿನಾ ಸುಮ್ನೆ ಸುರಿಯುತ್ತಾರೆ. ಮಲೆನಾಡಿನ ಹಳೇ ಬಾವಿ ನೋಡಿದ್ದೀರಲ್ವಾ? ಕಲ್ಲಿನ ಸಂದಿಯಿಂದ ಮೇಡನ್‌ಹೇರ್ ಜರಿಗಿಡ ತೂಗಾಡುತ್ತಿರುತ್ತದೆ. ಅಲ್ಲಿ ಕಲ್ಲು ಸದಾ ಒದ್ದೆ, ಗಾಳಿಯೂ ತಂಪು. ಆದರೆ ಬುಡದಲ್ಲಿ ನೀರು ನಿಲ್ಲುವುದಿಲ್ಲ. ಕುಂಡದಲ್ಲೂ ನಮಗೆ ಬೇಕಾದದ್ದು ಅದೇ. ನಾನು ಕೆಂಪುಮಣ್ಣು ಒಂದು ಪಾಲು, ಕೊಳೆತ ಎಲೆಗೊಬ್ಬರ ಎರಡು ಪಾಲು, ದಪ್ಪ ಮರಳು ಮತ್ತು ಇದ್ದಿಲ ಚೂರು ಸೇರಿ ಒಂದು ಪಾಲು ಹಾಕುತ್ತೇನೆ. ನೆಲದಲ್ಲಾದರೆ ಮರದಡಿಯ ತರಗೆಲೆ ಗುಡಿಸದೆ ಬಿಟ್ಟರೆ ಅರ್ಧ ಕೆಲಸ ಆಯಿತು. ಅದನ್ನೇ ಗುಡಿಸಿ ಬೆಂಕಿ ಹಾಕಿ, ಆಮೇಲೆ ನರ್ಸರಿಯಿಂದ ಗೊಬ್ಬರದ ಮೂಟೆ ತರುತ್ತೇವೆ, ಏನು ಹೇಳುವುದು! ನೆಡುವಾಗ ಸುಳಿ ಮಣ್ಣಿನ ಮೇಲೇ ಇರಲಿ. ಹೂತರೆ ಕೊಳೆಯುತ್ತದೆ.

ನೆರಳು ಅಂದರೆ ಕತ್ತಲೆಯಲ್ಲ. ದೀಪ ಹಾಕದೆ ಪೇಪರ್ ಓದುವಷ್ಟು ಬೆಳಕು ಬೇಕು. ಬೆಳಗಿನ ಎಳೆಬಿಸಿಲು ಸ್ವಲ್ಪ ಬಿದ್ದರೂ ಪರವಾಗಿಲ್ಲ, ಮಧ್ಯಾಹ್ನದ್ದು ಸುಡುತ್ತದೆ.

ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಗೆ, ಒಂದು ದಿನ ನೀರು ಮರೆತರೂ ಮೇಡನ್‌ಹೇರ್ ಹಪ್ಪಳವಾಗುತ್ತದೆ. ಕಿತ್ತೆಸೆಯಬೇಡಿ. ಬುಡದವರೆಗೆ ಕತ್ತರಿಸಿ, ಮಣ್ಣು ತೇವವಾಗಿಡಿ. ಬೇರು ಬದುಕಿದ್ದರೆ ಸುರುಳಿ ಸುತ್ತಿದ ಚಿಗುರು ಮತ್ತೆ ಬರುತ್ತದೆ.

ಮಳೆಗಾಲದಲ್ಲಿ ಕುಂಡದ ಪಕ್ಕ ಒಂದು ಹಸಿ ಇಟ್ಟಿಗೆ ಇಟ್ಟು ನೋಡಿ. ಬೀಜಕ ಬಿದ್ದು ಮೊಳೆತರೆ ಅದರ ಮೇಲೆ ಕಡಲೆಬೇಳೆಯಷ್ಟಗಲದ, ಹಾರ್ಟ್ ಆಕಾರದ ಹಸಿರು ಹಾಳೆಗಳು ಕಾಣುತ್ತವೆ. ಮರಿಗಿಡ ಏಳುವುದು ಅದರಿಂದಲೇ. ಮನೆಯಲ್ಲಿ ಯಾರೂ ಪಾಚಿ ಅಂತ ಉಜ್ಜಿ ತೊಳೆಯದ ಹಾಗೆ ಮೊದಲೇ ಹೇಳಿಡಿ.